ಕೆರೆ ಏರಿಯ ಮೇಲಿನ ಆರು ನಿಮಿಷ

ಪಂಚಾಯ್ತಿಯವರಿಗೆ ಕಂಪ್ಯೂಟರ್ ಕಲಿಸುವ ಕೆಲಸ ನನ್ನದು. ಕಲಿಸುವುದು ಅಂತ ಸುಮ್ಮನೆ ಅನ್ನುತ್ತೇನೆ; ಅರ್ಧ ದಿನ ಜಗಳ, ಇನ್ನರ್ಧ ದಿನ ಚಹಾ. ಧಾರವಾಡದ ಒಂದು ಸಣ್ಣ ಕಚೇರಿಯವರು ನನ್ನನ್ನು ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ಅಟ್ಟುತ್ತಾರೆ. ಕಸದ ಗಾಡಿ ಎಲ್ಲಿ ಹೋಯಿತು, ನೀರಿನ ಟ್ಯಾಂಕರ್ ಎಲ್ಲಿ ನಿಂತಿತು, ಯಾವ ಓಣಿಯ ಕಸ ಎತ್ತಿಲ್ಲ ಎಂಬುದೆಲ್ಲ ಪಂಚಾಯ್ತಿಯ ಪರದೆಯ ಮೇಲೆ ಕಾಣಬೇಕು. ಹಾಗೆ ಕಾಣುವಂತೆ ಮಾಡಿ, ಅದನ್ನು ನೋಡಲು ಅವರನ್ನು ಒಪ್ಪಿಸಿ ಬರಬೇಕು. ಕಾಣುವಂತೆ ಮಾಡುವುದು ಸುಲಭ. ನೋಡಲು ಒಪ್ಪಿಸುವುದಿದೆಯಲ್ಲ, ಅದರಲ್ಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ.

ಈಗ ಹೇಳುತ್ತಿರುವ ಊರಿನ ಹೆಸರು ಬೇಡ. ನವಲಗುಂದದ ಎರೆ ಸೀಮೆಯ ಒಂದು ಊರು, ಅಷ್ಟು ಸಾಕು. ಅಲ್ಲಿ ಬೋರ್ ಕೊರೆಸಿದರೆ ಸವುಳು ನೀರು. ಆ ನೀರಿಗೆ ಬೇಳೆಯೂ ಬೇಯುವುದಿಲ್ಲ. ಕಾಲುವೆಯಿಂದ ತುಂಬಿಸಿಕೊಳ್ಳುವ ಒಂದು ಕೆರೆಯೇ ಊರಿಗೆಲ್ಲ ಕುಡಿಯುವ ನೀರು ಕೊಡಬೇಕು. ಆ ಕೆರೆಗೆ ದನ ಇಳಿಸುವುದಿಲ್ಲ, ಅಲ್ಲಿ ಬಟ್ಟೆ ಒಗೆಯುವುದಿಲ್ಲ, ಚಪ್ಪಲಿ ಮೆಟ್ಟಿ ಯಾರೂ ಏರಿ ಹತ್ತುವುದಿಲ್ಲ. ಏರಿ ಶುರುವಾಗುವಲ್ಲಿ ಎದೆಯೆತ್ತರದ ಒಂದು ಕಲ್ಲು ನೆಟ್ಟಿದ್ದಾರೆ. ಅದರ ಬುಡದಲ್ಲಿ ಯಾವಾಗ ನೋಡಿದರೂ ನಾಲ್ಕೈದು ಜೊತೆ ಚಪ್ಪಲಿ ಬಿದ್ದಿರುತ್ತವೆ. ನಾನು ಮೊದಲ ಸಲ ಹೋದಾಗ ಆ ಚಪ್ಪಲಿಗಳ ಫೋಟೋ ಹೊಡೆದುಕೊಂಡು ವಾಟ್ಸಾಪಿನಲ್ಲಿ ಹಾಕಿದ್ದೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಯೋಚಿಸಲಿಲ್ಲ.

ಪಂಚಾಯ್ತಿಯಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ, ಮೇಲಿನಿಂದ ಆದೇಶ ಬಂದಿತ್ತು. ಪಿಡಿಒ ನನ್ನ ಚೀಲ ನೋಡಿದ ಕೂಡಲೇ ಮುಖ ಕಿವುಚಿದರು. "ಬರ್ರಿ ಮೇಡಂ, ಇನ್ನೊಂದ ಆ್ಯಪ್ ತಂದೀರೇನು? ಇದ್ದ ಆ್ಯಪಿಗೇ ಫೋನಿನ್ಯಾಗ ಜಾಗಾ ಇಲ್ಲ" ಎಂದರು. ಕೂಡ್ರಿ ಅನ್ನಲಿಲ್ಲ. ನಾನೇ ಖುರ್ಚಿ ಎಳೆದುಕೊಂಡು ಕೂತೆ. ಅಧ್ಯಕ್ಷರು ಹೆಂಗಸು, ಒಳ್ಳೆಯವರು, ಆದರೆ ಅವರು ಬಾಯಿ ತೆರೆಯುವ ಮೊದಲೇ ಬಿಳಿ ಅಂಗಿಯ ಒಬ್ಬ ಸದಸ್ಯ ಉತ್ತರ ಹೇಳಿ ಮುಗಿಸಿರುತ್ತಿದ್ದ. ಆತ ಕಸದ ಗಾಡಿಗೆ ಕೂರಿಸುವ ನನ್ನ ಜಿಪಿಎಸ್ ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇಷ್ಟ ಸಣ್ಣದು ನಮ್ಮೂರ ಸ್ವಚ್ಛ ಮಾಡತೈತೇನ್ರಿ?" ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಗೋಡೆಯ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: 'ಮನುಷ್ಯರು ಸುಳ್ಳು ಹೇಳಬಹುದು, ನಕ್ಷೆ ಸುಳ್ಳು ಹೇಳುವುದಿಲ್ಲ.' ಬರೆದು ಎಲ್ಲರಿಂದಲೂ ಓದಿಸಿದೆ. ಬಿಳಿ ಅಂಗಿಯವನು ಅದನ್ನು ತನ್ನ ಡೈರಿಯಲ್ಲಿ ಬರೆದುಕೊಂಡ. ಒಬ್ಬನಾದರೂ ದಾರಿಗೆ ಬಂದ ಅಂತ ನಾನು ಒಳಗೊಳಗೇ ಹಿಗ್ಗಿದೆ.

ಆ ಊರಿನಲ್ಲಿ ನನ್ನನ್ನು ನಗುಮುಖದಿಂದ ಮಾತಾಡಿಸಿದವಳು ಒಬ್ಬಳೇ, ಕಸದ ಗಾಡಿಯ ಡ್ರೈವರ್. ಮೂವತ್ತೈದರ ಆಸುಪಾಸಿನ ಹೆಂಗಸು. ಮಹಿಳಾ ಸಂಘದಿಂದ ತರಬೇತಿಗೆ ಹೋಗಿ ಗಾಡಿ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಆ ಲೈಸೆನ್ಸನ್ನು ದೇವರ ಫೋಟೋದ ಬಾಜೂಕ ಗಾಡಿಯ ಗಾಜಿಗೆ ಅಂಟಿಸಿದ್ದಳು. "ಅಕ್ಕಾರ, ಇದರ ಸ್ಟೇರಿಂಗ್ ಹಿಡಿಯೂ ಮಟಾ ನಾ ಅವರ ಹೇಂತಿ, ಇವರ ಸೊಸಿ ಆಗಿದ್ನಿ ನೋಡ್ರಿ. ಈಗ ಓಣ್ಯಾಗ ಹಾರ್ನ್ ಹೊಡದ್ರ ಮಂದಿ ನನ್ನ ಹೆಸರ ಹಿಡದ ಕರೀತಾರ" ಅಂದಳು. ಬಿಳಿ ಅಂಗಿಯವನಿಗೆ ಆ ಗಾಡಿಯನ್ನು ತನ್ನ ಹೆಂಡತಿಯ ತಮ್ಮನಿಗೆ ಕೊಡಿಸಬೇಕಾಗಿತ್ತು. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಯಾವತ್ತಾದರೂ ಒಂದು ದಿನ ಗಟಾರಕ್ಕೆ ಹಾಕುತ್ತಾರೆ ಅಂತ ಆತ ವರ್ಷದಿಂದ ಕಾಯುತ್ತಿದ್ದ. ಇದನ್ನೂ ಆಕೆಯೇ ಹೇಳಿದ್ದು, ನಗುತ್ತಾ.

ಬೇಸಿಗೆಯಲ್ಲಿ ನಾವಿಬ್ಬರೂ ದಾರಿಯ ನಕ್ಷೆ ಹಾಕಿದೆವು. ಅಂದರೆ ಆಕೆ ಗಾಡಿ ಹೊಡೆದಳು, ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತೆ. ಓಣಿಗಳನ್ನೆಲ್ಲ ಸುತ್ತಿ, ಊರ ಹೊರಗಿನ ಕಸದ ಘಟಕಕ್ಕೆ ಹೋಗಬೇಕು. ಘಟಕಕ್ಕೆ ಹೊಲಗಳ ನಡುವೆ ನೆಟ್ಟಗೆ ಒಂದು ಚಕ್ಕಡಿ ದಾರಿ. ಎರೆ ಮಣ್ಣು ಬಿಸಿಲಿಗೆ ಬಿರಿದು ಗಟ್ಟಿಯಾಗಿತ್ತು, ಗಾಡಿ ಧೂಳೆಬ್ಬಿಸಿಕೊಂಡು ಸಲೀಸಾಗಿ ಓಡಿತು. ಜಲ್ಲಿ ಹಾಕಿದ ಇನ್ನೊಂದು ಖಡಿ ರಸ್ತೆ ಕೆರೆ ಏರಿಯ ಮೇಲಿಂದ ಸುತ್ತಿ ಬರುತ್ತಿತ್ತು. ದೂರದ ದಾರಿ. ಕುಡಿಯುವ ನೀರಿನ ಪಕ್ಕದಲ್ಲಿ ಕಸದ ಗಾಡಿ ಯಾಕೆ ಹೋಗಬೇಕು? ನಾನು ಚಕ್ಕಡಿ ದಾರಿಗೆ ಹಸಿರು ಗೆರೆ ಎಳೆದೆ, ಕೆರೆಯ ಸುತ್ತ ಕೆಂಪು ವೃತ್ತ ಹಾಕಿದೆ. ಕಸದ ಗಾಡಿ ಆ ವೃತ್ತದೊಳಗೆ ನಿಂತರೆ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಬೇಕು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

"ಅಕ್ಕಾರ, ಮಳಿ ಹತ್ತಿತಂದ್ರ ಈ ದಾರಿ..." ಅಂತ ಆಕೆ ಏನೋ ಹೇಳಲು ಹೊರಟಳು.

"ಅದೆಲ್ಲಾ ಆಮ್ಯಾಲೆ. ಮದ್ಲ ಈ ಬಟನ್ ನೋಡವಾ" ಅಂದೆ.

ಆಕೆ ಬಟನ್ ನೋಡಿದಳು. ಆ ಮಾತು ಮತ್ತೆ ಬರಲಿಲ್ಲ. ಪಿಡಿಒ ಅವರನ್ನು "ಘಟಕಕ್ಕ ಇದ ದಾರಿ ಹೌದಲ್ರಿ?" ಅಂತ ಕೇಳಿದೆ, "ಹೌದ್ರಿ, ಇದ" ಅಂದರು. ಸದಸ್ಯರನ್ನು ಕೇಳಿದೆ, ಅವರೂ ಹೌದ್ರಿ ಅಂದರು. ಸುಳ್ಳೇನಲ್ಲ, ಬೇಸಿಗೆಯಲ್ಲಿ ಅದೇ ದಾರಿ. ಮಳೆಗಾಲದಲ್ಲಿ ಎರೆ ದಾರಿ ಬಂದ್ ಆಗುತ್ತದೆ ಅಂತ ಆ ಸೀಮೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಮಳೆ ಬಂದರೆ ನೆನೆಯುತ್ತೀರಿ ಅಂತ ಯಾರಾದರೂ ಹೇಳುತ್ತಾರೆಯೇ?

ಮಳೆಗಾಲ ಶುರುವಾಯಿತು. ನಾನು ಧಾರವಾಡದ ಕಚೇರಿಯಲ್ಲಿ ಕೂತು ಪರದೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಆ ಊರಿನ ಕೆರೆಯ ಹತ್ತಿರ ಕೆಂಪು ಚುಕ್ಕೆ. ಮರುದಿನವೂ ಅಲ್ಲೇ. ಮೂರನೆಯ ದಿನವೂ. ಗಾಡಿ ಹಸಿರು ಗೆರೆ ಬಿಟ್ಟು ಏರಿಯ ಕಡೆ ಹೊರಳುತ್ತಿತ್ತು, ಏರಿ ಶುರುವಾಗುವಲ್ಲಿ ಆರು ನಿಮಿಷ ನಿಲ್ಲುತ್ತಿತ್ತು, ಆಮೇಲೆ ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ನನಗಾದದ್ದು ಸಿಟ್ಟಲ್ಲ, ಖುಷಿ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಈ ತನಕ ಯಾವ ಪಂಚಾಯ್ತಿಯಲ್ಲೂ ನನ್ನ ನಕ್ಷೆ ಒಂದು ತಪ್ಪನ್ನೂ ಹಿಡಿದುಕೊಟ್ಟಿರಲಿಲ್ಲ. ಈಗ ಹಿಡಿದಿತ್ತು. ನಮ್ಮ ಮೇಲಿನವರಿಗೆ ತೋರಿಸಿದೆ, ಅವರು ಹೊಸ ಸ್ಲೈಡ್ ಮಾಡು ಅಂದರು. ಮಾಡಿದೆ. ಆಕೆಗೆ ಒಂದು ಫೋನ್ ಹಚ್ಚಿ ಯಾಕವಾ ಅಲ್ಲಿ ನಿಲ್ಲುತ್ತೀ ಅಂತ ಕೇಳಬಹುದಿತ್ತು. ಆಕೆಯ ನಂಬರ್ ನನ್ನ ಫೋನಿನಲ್ಲೇ ಇತ್ತು. ಕೇಳಲಿಲ್ಲ.

ಆ ತಿಂಗಳ ಸಭೆಗೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋದೆ. ಗೋಡೆಯ ಕ್ಯಾಲೆಂಡರ್ ತೆಗೆಸಿ ಅಲ್ಲಿ ನಕ್ಷೆ ಬಿಟ್ಟೆ. ಕೆರೆ ನೀಲಿ, ಅದರ ಮಗ್ಗುಲಿಗೆ ಒಂದರ ಮೇಲೊಂದು ಕೆಂಪು ಚುಕ್ಕೆಗಳು. ಆ ಊರಿನ ಪಂಚಾಯ್ತಿ ಮಂದಿ ನನ್ನ ಪರದೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದು ಅದೇ ಮೊದಲು.

ಬಿಳಿ ಅಂಗಿಯವನು ಎದ್ದು ನಿಂತ. "ಕುಡಿಯೂ ಕೆರಿಗೆ ಕಸಾ ಸುರೂತಾಳಂದ್ರ ಇನ್ನೇನ ಉಳೀತ್ರಿ? ಆಕೀನ್ನ ಕರೀರಿ."

ಆಕೆ ಬಾಗಿಲಲ್ಲೇ ನಿಂತಿದ್ದಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಅಲ್ಲಿ ಕಸದ ಮ್ಯಾಲೆ ತಾಡಪತ್ರಿ ಹೊಚ್ಚಿ ಕಟ್ಟತೀನ್ರಿ" ಅಂದಳು.

"ತಾಡಪತ್ರಿ ಊರಾಗ ಕಟ್ಟಾಕ ಬರೂದಿಲ್ಲೇನ?"

"ಕಡೀ ಮನಿ ಕಸಾ ಹಾಕ್ಕೊಂಡ ಮ್ಯಾಲೆ ಕಟ್ಟಬೇಕಲ್ರಿ. ಕಡೀ ಮನಿ ಏರಿ ಹಂತೇಲೆ ಐತಿ."

"ತಾಡಪತ್ರಿ ಕಟ್ಟಾಕ ಆರ ನಿಮಿಷ ಬೇಕೇನ?" ಆತ ನನ್ನ ಕಡೆ ತಿರುಗಿದ. "ಮೇಡಂ, ನೀವ ಹೇಳ್ರಿ."

ಆಗ ಆಕೆ ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಹೆದರಿಕೆ ಇರಲಿಲ್ಲ. ಅಕ್ಕಾರ ಹೇಳುತ್ತಾರೆ, ಮುಗಿಯಿತು ಎಂಬ ಧೈರ್ಯ ಇತ್ತು. ನನಗೆ ತಾಡಪತ್ರಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು: "ಕಂಪ್ಯೂಟರ್ ಇದ್ದದ್ದನ್ನಷ್ಟ ತೋರಸ್ತದ."

ಆಕೆಯನ್ನು ಕೆಲಸದಿಂದ ತೆಗೆಯುವ ಠರಾವು ಬರೆಯಲು ನಾನು ಪ್ರೊಜೆಕ್ಟರ್ ವೈರ್ ಸುತ್ತುವಷ್ಟು ಹೊತ್ತೂ ಹಿಡಿಯಲಿಲ್ಲ. ಗಾಡಿಯ ಕೀಲಿಯನ್ನು ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ತೆಗೆದು ಮೇಜಿನ ಮೇಲೆ ಇಟ್ಟಳು. ಅಧ್ಯಕ್ಷರು ತಲೆ ಬಗ್ಗಿಸಿ ಸಹಿ ಹಾಕಿದರು. ನಾನು ಹೊರಗೆ ಬಂದು ಸ್ಕೂಟಿಗೆ ಚೀಲ ಕಟ್ಟುತ್ತಿದ್ದಾಗ ಆಕೆ ಗಾಡಿಯ ಗಾಜಿನಿಂದ ಲೈಸೆನ್ಸ್ ಕೀಳುತ್ತಿದ್ದಳು. ಉಗುರಿನಿಂದ ಗಮ್ ಟೇಪ್ ಕೆರೆಯುತ್ತಾ, ನನ್ನ ಕಡೆ ನೋಡದೆ ಅಂದಳು: "ಒಂದ ದಿನ ಬಂದ ನೋಡಿದ್ರೇನ್ರಿ, ಮೇಡಂ?"

ಅಕ್ಕಾರ ಹೋಗಿ ಮೇಡಂ ಆಗಿತ್ತು.

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ವಾರ ಕಳೆದ ಮೇಲೆ ಹೋದೆ. ಪಶ್ಚಾತ್ತಾಪದಿಂದ ಅಂತ ಹೇಳಿದರೆ ಸುಳ್ಳು. ನಾನು ಮಾಡಿದ್ದೇ ಸರಿ ಅಂತ ಕಣ್ಣಾರೆ ಕಂಡು, ಆ ಹೆಂಗಸನ್ನು ಮನಸ್ಸಿನಿಂದ ತೆಗೆದುಹಾಕಲು ಹೋದೆ. ಮುಂಜಾನೆ ಕಸದ ಗಾಡಿ ಹೊರಡುವ ಹೊತ್ತಿಗೆ ಘಟಕದ ದಾರಿ ಹಿಡಿದೆ, ನನ್ನದೇ ಹಸಿರು ಗೆರೆ. ಹಿಂದಿನ ದಿನ ಮಳೆಯಾಗಿತ್ತು. ಐವತ್ತು ಹೆಜ್ಜೆ ಹೋಗಿರಲಿಲ್ಲ, ಎರೆ ಮಣ್ಣು ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿ ಸ್ಕೂಟಿ ನಿಂತೇ ಹೋಯಿತು. ಇಳಿದೆ, ಕಾಲು ಕಣಕಾಲ ತನಕ ಹೂತಿತು. ಎತ್ತಿದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕಸ ತುಂಬಿದ ಗಾಡಿ ಇಲ್ಲಿ ಹೇಗೆ ಬಂದೀತು? ಹತ್ತಿಯ ಹೊಲದ ನಡುವೆ ಬರಿಗಾಲಲ್ಲಿ ನಿಂತು ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ. ಕೇಳಲು ಯಾರೂ ಇರಲಿಲ್ಲ, ಬೈಗುಳ ಮಾತ್ರ ಒಳ್ಳೊಳ್ಳೆಯವೇ ಬಂದವು.

ಹೊಲದ ಬದು ಹಿಡಿದು ಕೆರೆಯ ಕಡೆ ನಡೆದೆ. ಕಲ್ಲಿನ ಹತ್ತಿರ ನೀರು ಬಿಡುವ ಮುದುಕ ಕೂತಿದ್ದ, ಪಂಚಾಯ್ತಿಯ ವಾಟರ್‌ಮ್ಯಾನ್. ನನ್ನ ಕೆಸರುಗಾಲು ನೋಡಿ ಎದ್ದು ಅಡ್ಡ ನಿಂತ. "ಅಲ್ಲೇ ನಿಂದರ್ರಿ. ಆ ಕಾಲಿಲೆ ಏರಿ ಹತ್ತಬ್ಯಾಡ್ರಿ" ಅಂದ. ನಾನು ಯಾರೆಂದು ಹೇಳಿದೆ. ಆತನ ಮುಖ ಇನ್ನಷ್ಟು ಗಂಟಿಕ್ಕಿತು.

"ಓ, ಗೋಡಿಗೆ ಬೆಳಕ ಬಿಟ್ಟಾಕಿ ನೀವೇನು?"

ಆಕೆ ಇಲ್ಲಿ ಏನು ಮಾಡುತ್ತಿದ್ದಳು ಅಂತ ಕೇಳಿದೆ. ಆತ ಕಲ್ಲಿನ ಕಡೆ ಕೈ ಮಾಡಿದ. ಕಲ್ಲಿನ ಕೊರಳಿಗೆ ಹಗ್ಗದ ಒಂದು ತುಂಡು ಇನ್ನೂ ಸುತ್ತಿಕೊಂಡೇ ಇತ್ತು.

"ತಾಡಪತ್ರಿ ಒಂದ ತುದಿ ಇಲ್ಲಿ ಬಿಗಿತಿದ್ಲು. ಒಬ್ಬಾಕೀನ ಅದಾಳಲ್ಲ, ಎಳ್ಯಾಕ ಇನ್ನೊಬ್ಬರ ಬೇಕು. ಕಲ್ಲಿಗೆ ಕಟ್ಟಿ, ಆ ಕಡೆ ಹೋಗಿ ಎಳದ, ನಾಕೂ ಮೂಲಿ ಗಂಟ ಹಾಕಿ, ಹಗ್ಗಾ ಬಿಚ್ಚತಿದ್ಲು. ಏರಿ ಮ್ಯಾಲೆ ಗಾಳಿ ಭಾಳ. ಒಂದ ಚೀಟಿ ಹಾರಿ ನೀರಾಗ ಬಿದ್ರ ಆಕಿಗೆ ತಡಕೊಳ್ಳಾಕ ಆಗತಿರಲಿಲ್ಲ. ಆಮ್ಯಾಲೆ ಚಪ್ಪಲಿ ಬಿಚ್ಚಿ ಗಾಡ್ಯಾಗ ಇಟ್ಟು, ನೀರಿಗೆ ಕೈ ಮುಗದು, ಬರಿಗಾಲಿಲೆ ಗಾಡಿ ಹೊಡಕೊಂಡ ಹೋಗತಿದ್ಲು. ಗಾಡ್ಯಾಗ ಕುಂತಾಕಿ ಚಪ್ಪಲಿ ಯಾಕ ಬಿಡತೀಬೇ ಅಂತ ನಾನ ಕೇಳಿದ್ನಿ. ಕಸಾ ತಗೊಂಡ ಹೊಂಟೀನಿ ಕಾಕಾ, ಅಷ್ಟರೆ ಮಾಡಬ್ಯಾಡೇನು ಅಂದ್ಲು."

ಆರು ನಿಮಿಷ. ಒಂದೊಂದು ನಿಮಿಷಕ್ಕೂ ಲೆಕ್ಕ ಸಿಕ್ಕಿತು.

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಗಾಡಿ ಬಂತು. ಬಿಳಿ ಅಂಗಿಯವನ ಹೆಂಡತಿಯ ತಮ್ಮ ಸ್ಟೇರಿಂಗ್ ಮುಂದೆ ಕೂತಿದ್ದ, ಕಿವಿಯಲ್ಲಿ ಇಯರ್‌ಫೋನ್. ತಾಡಪತ್ರಿ ಹಿಂದೆ ಮುದ್ದೆಯಾಗಿ ಬಿದ್ದಿತ್ತು. ಕಲ್ಲಿನ ಹತ್ತಿರ ಆತ ವೇಗ ಕೂಡ ತಗ್ಗಿಸಲಿಲ್ಲ. ಏರಿ ಹತ್ತಿದ ಕೂಡಲೇ ಗಾಳಿಗೆ ಎರಡು ಪ್ಲಾಸ್ಟಿಕ್ ಚೀಲ ಎದ್ದವು. ಒಂದು ಜಾಲಿ ಗಿಡಕ್ಕೆ ಸಿಕ್ಕಿಕೊಂಡಿತು, ಇನ್ನೊಂದು ನೀರಿನ ಮೇಲೆ ಇಳಿದು ನಿಧಾನವಾಗಿ ತೇಲಿತು. ಮುದುಕ ಉದ್ದನೆಯ ಕೋಲು ತರಲು ಹೋದ. ನಾನು ಫೋನ್ ತೆರೆದೆ. ಗಾಡಿ ಎಲ್ಲೂ ನಿಂತಿರಲಿಲ್ಲ, ಚುಕ್ಕೆ ಅಪ್ಪಟ ಹಸಿರಾಗಿತ್ತು.

ಅಲ್ಲಿಂದ ನೇರ ಪಂಚಾಯ್ತಿಗೆ ಹೋದೆ, ಬರಿಗಾಲಲ್ಲೇ. ಪಿಡಿಒ ನನ್ನ ಮಾತು ಪೂರ್ತಿ ಕೇಳಿದರು, ಅಷ್ಟು ಮಟ್ಟಿಗೆ ಒಳ್ಳೆಯ ಮನುಷ್ಯ. "ನನಗೂ ಅನಿಸಿತ್ರಿ" ಅಂದರು. ಅನಿಸಿದ್ದರೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. "ನೀವ ಬಿಟ್ಟೀರೇನು?" ಅಂದರು. ನಮ್ಮ ಕಚೇರಿಯ ಮೇಲಿನವರು ಇನ್ನೂ ಚಂದ. ಕೆರೆ ಉಳಿಸಿದ ತಂತ್ರಜ್ಞಾನ ಅಂತ ಹೆಸರಿಟ್ಟು ನನ್ನ ಸ್ಲೈಡನ್ನು ಆಗಲೇ ಎಲ್ಲ ಕಡೆ ಕಳಿಸಿಬಿಟ್ಟಿದ್ದರು. ಈಗ ಅದನ್ನು ಕೆದಕಬೇಡ ಅಂದರು. ನಾನು ಕೂಗಾಡಿದೆ. ಅವರು ನೀರು ಕುಡಿ ಅಂದರು.

ನಕ್ಷೆ ತಿದ್ದಲು ಹತ್ತು ನಿಮಿಷ ಸಾಕಾಯಿತು. ಬೇಸಿಗೆಗೊಂದು ದಾರಿ, ಮಳೆಗಾಲಕ್ಕೊಂದು ದಾರಿ, ಕಲ್ಲಿನ ಹತ್ತಿರ ನಿಲ್ಲಲೇಬೇಕು ಅಂತ ಒಂದು ಗುರುತು. ಠರಾವು ತಿದ್ದಲು ಮಾತ್ರ ಯಾರೂ ತಯಾರಿರಲಿಲ್ಲ. ಕೊನೆಗೆ ಗ್ರಾಮಸಭೆಗೆ ಹೋದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಊರ ಮಂದಿ. ನನ್ನನ್ನು ಮಾತಿಗೆ ಕರೆದಿರಲಿಲ್ಲ. ಎದ್ದು ಹೋಗಿ ಮೈಕ್ ಹಿಡಿದೆ. ಗಾಡಿಯ ತಪ್ಪಿಲ್ಲ, ಡ್ರೈವರ್ ತಪ್ಪಿಲ್ಲ, ದಾರಿ ಹಾಕಿದ ನನ್ನ ತಪ್ಪು ಅಂದೆ. ಆಕೆ ಹೇಳಲು ಬಂದಾಗ ನಾನೇ ಬಾಯಿ ಮುಚ್ಚಿಸಿದ್ದೂ ಹೇಳಿದೆ. ಕಲ್ಲಿನ ವಿಷಯ, ಹಗ್ಗದ ವಿಷಯ, ಚಪ್ಪಲಿಯ ವಿಷಯ, ಎಲ್ಲ ಹೇಳಿದೆ. ಹಿಂದೆ ಕೂತ ಹೆಂಗಸರಲ್ಲಿ ಗುಜುಗುಜು ಎದ್ದಿತು.

ಬಿಳಿ ಅಂಗಿಯವನು ಡೈರಿ ತೆಗೆದ. ಹಾಳೆ ಹುಡುಕಿ, ನಿಧಾನವಾಗಿ, ಮೈಕಿನಲ್ಲಿ ಓದಿದ: "ಮನುಷ್ಯರು ಸುಳ್ಳು ಹೇಳಬಹುದು, ನಕ್ಷೆ ಸುಳ್ಳು ಹೇಳುವುದಿಲ್ಲ. ಇದನ್ನ ಹಲಗಿ ಮ್ಯಾಲೆ ಬರದವರ ಯಾರ್ರಿ, ಮೇಡಂ? ಈಗ ನೀವ ಮನುಷ್ಯಾರೋ, ನಕ್ಷೇನೋ?"

ಶಾಮಿಯಾನ ನಕ್ಕಿತು. ನನಗೆ ಆತನ ಡೈರಿ ಕಸಿದು ಹರಿಯಬೇಕು ಅನಿಸಿತು. ಹರಿದರೂ ಅಕ್ಷರ ನನ್ನವೇ. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಬೀದಿ ದೀಪ.

ಅವತ್ತೇ ಸಂಜೆ ಆಕೆಯ ಮನೆಗೆ ಹೋದೆ. ಹೊಲದಲ್ಲಿ ಕಳೆ ತೆಗೆದು ಆಗ ತಾನೆ ಬಂದಿದ್ದಳು, ಸೀರೆಯ ಅಂಚಿಗೆಲ್ಲ ಎರೆ ಮಣ್ಣು. ಆ ಕಡೆಯ ಯಾವ ಮನೆಗೆ ಹೋದರೂ ಬರ್ರಿ, ಕೂಡ್ರಿ ಅನ್ನುತ್ತಾರೆ, ವೈರಿಗೂ ಅನ್ನುತ್ತಾರೆ. ಆಕೆ ಅನ್ನಲಿಲ್ಲ. ನಾನು ಹೊಸ್ತಿಲಾಚೆ ನಿಂತೇ ಮಾತಾಡಿದೆ. ತಪ್ಪಾಯಿತು ಅಂದೆ. ಸಭೆಯಲ್ಲಿ ಹೇಳಿದೆ ಅಂದೆ. ಮೇಲಿನವರಿಗೆ ಬರೆಯುತ್ತೇನೆ, ಸಂಘದ ಮೂಲಕ ಅರ್ಜಿ ಕೊಡೋಣ ಅಂದೆ. ನನ್ನ ಮಾತು ನನಗೇ ಕಚೇರಿಯ ಕಾಗದದಂತೆ ಕೇಳಿಸುತ್ತಿತ್ತು.

"ಕೇಳೇನಿ, ನೀವ ಮೈಕಿನ್ಯಾಗ ಅಂದದ್ದು. ಅವತ್ತ ಒಳಗ ಅಂದಿದ್ರ ಮೈಕ್ ಬೇಕಾಗತಿರಲಿಲ್ಲ" ಅಂದಳು.

ಬಾಗಿಲ ಪಕ್ಕದ ಗೋಡೆಯ ಮೊಳೆಗೆ ಆ ಲೈಸೆನ್ಸ್ ನೇತುಹಾಕಿತ್ತು, ಮೂಲೆಯಲ್ಲಿ ಗಮ್ ಟೇಪಿನ ಚೂರು ಇನ್ನೂ ಅಂಟಿಕೊಂಡಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಆಕೆ ನೋಡಿದಳು. ಒಳಗೆ ಹೋಗಿ ಒಂದು ಸ್ಟೀಲಿನ ಲೋಟ ತಂದು ನನ್ನ ಮುಂದೆ ಹಿಡಿದಳು.

"ಕೆರಿ ನೀರು. ಕುಡೀರಿ."

ಲೋಟ ತೆಗೆದುಕೊಂಡೆ. ತುಟಿಗೆ ಒಯ್ಯುವ ಮೊದಲು, ನನಗೆ ತಿಳಿಯದಂತೆಯೇ, ಒಳಗೆ ಬಗ್ಗಿ ನೋಡಿದೆ. ಒಂದು ಕ್ಷಣ ಅಷ್ಟೆ. ತಲೆ ಎತ್ತಿದಾಗ ಆಕೆ ನನ್ನನ್ನೇ ನೋಡುತ್ತಿದ್ದಳು.

"ಈಗ ನೋಡಾಕ ಕಲ್ತ್ರಿ, ಮೇಡಂ."

ನಾನು ಪೂರ್ತಿ ಕುಡಿದೆ. ಆಕೆ ಕೈ ಚಾಚಿ ಲೋಟ ಇಸಿದುಕೊಂಡು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.